ಹದಿನಾಲ್ಕು ಕಥೆ, ಅರವತ್ತೈದು ಸಾವಿರ ರೂಪಾಯಿ

ಪ್ರಶ್ನೆ: ಸರ್, ನಾನು ಆಲೂರು ತಾಲ್ಲೂಕಿನವಳು. ವಯಸ್ಸು 34. ನಮ್ಮೂರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ. ನಾಲ್ಕು ವರ್ಷದಿಂದ ಕಥೆ ಬರೆಯುತ್ತಿದ್ದೇನೆ, ಈಗ 14 ಆಗಿವೆ. ಮೂವರು ಪ್ರಕಾಶಕರಿಗೆ ಕಳಿಸಿದೆ. ಇಬ್ಬರಿಂದ ಉತ್ತರವಿಲ್ಲ, ಒಬ್ಬರು 'ಹೊಸಬರ ಕಥೆ ಓಡಲ್ಲಮ್ಮ' ಎಂದರು. ಈಗ ಫೋನಿನಲ್ಲಿ ಜಾಹೀರಾತು ನೋಡಿ ಒಂದು ಸಂಸ್ಥೆಯನ್ನು ವಿಚಾರಿಸಿದೆ. 65 ಸಾವಿರ ಕಟ್ಟಿದರೆ 300 ಪ್ರತಿ, ಮುಖಪುಟ, ಐಎಸ್‌ಬಿಎನ್, ಕಾಪಿರೈಟ್, ಬಿಡುಗಡೆ ಎಲ್ಲ ನಮ್ಮದೇ ಅಂತಾರೆ. ಬಳೆ ಅಡ ಇಟ್ಟು ಕೊಡೋಣ ಅಂದುಕೊಂಡಿದ್ದೇನೆ. ಮಳೆಗಾಲಕ್ಕೆ ಮುಂಚೆ ಪುಸ್ತಕ ಕೈಗೆ ಬರಬೇಕು ಅಂತ ಆಸೆ. ಇನ್ನೊಂದು ಭಯ: ಕಥೆಯಲ್ಲಿರುವವರು ನಮ್ಮೂರಿನವರೇ. ಗೊತ್ತಾದರೆ ಏನು ಮಾಡೋದು?

ಉತ್ತರ: ಮೊದಲು ಬಳೆ ವಿಷಯ. ಅಡ ಇಡಬೇಡಿ. ಉಳಿದದ್ದನ್ನು ನಿಧಾನವಾಗಿ ಮಾತಾಡೋಣ.

ನಾನು ಹಾಸನದಲ್ಲಿ ಇಪ್ಪತ್ತು ವರ್ಷಕ್ಕೂ ಜಾಸ್ತಿಯಿಂದ ಕರಡು ತಿದ್ದುತ್ತಾ, ಬೇರೆಯವರ ಪುಸ್ತಕದ ಪುಟ ಕಟ್ಟಿಸುತ್ತಾ, ನಡುನಡುವೆ ಸ್ವಂತ ದುಡ್ಡಲ್ಲಿ ನಾಲ್ಕಾರು ಪುಸ್ತಕ ಹಾಕಿ ಕೈ ಸುಟ್ಟುಕೊಂಡವನು. 2025ರಲ್ಲಿ ನಮ್ಮ ಹಾಸನದ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲಂತೂ ನಮ್ಮ ಜಿಲ್ಲೆಯಲ್ಲಿ ಟ್ರಂಕಿನ ತಳ ಸೇರಿದ್ದ ಹಸ್ತಪ್ರತಿಗಳೆಲ್ಲ ಎದ್ದು ಬಂದಿವೆ. ಸಂತೋಷವೇ. ಆದರೆ ಹಸ್ತಪ್ರತಿಗಳ ಹಿಂದೆಯೇ ಪ್ಯಾಕೇಜ್ ಮಾರುವವರೂ ಎದ್ದು ಬಂದಿದ್ದಾರೆ.

ನೀವು ಡೈರಿಯಲ್ಲಿ ಲೆಕ್ಕ ಬರೆಯುವವರು, ಹಾಗಾಗಿ ಲೆಕ್ಕದಲ್ಲೇ ಹೇಳುತ್ತೇನೆ. 65 ಸಾವಿರವನ್ನು 300ರಿಂದ ಭಾಗಿಸಿ. ಪ್ರತಿಗೆ 216 ರೂಪಾಯಿ ಚಿಲ್ಲರೆ ಬೀಳುತ್ತದೆ. 14 ಕಥೆ ಅಂದರೆ ಸುಮಾರು 160 ಪುಟದ ಪುಸ್ತಕ ಅಂದುಕೊಳ್ಳೋಣ, ಹೊಸಬರ ಅಷ್ಟು ಪುಟದ ಪುಸ್ತಕಕ್ಕೆ 200 ರೂಪಾಯಿಗಿಂತ ಜಾಸ್ತಿ ಬೆಲೆ ಹಾಕಿದರೆ ಜನ ಕೈಗೆತ್ತಿಕೊಂಡು ಹಿಂದಿನ ರಕ್ಷಾಪುಟ ನೋಡಿ ಮೆಲ್ಲಗೆ ವಾಪಸ್ ಇಡುತ್ತಾರೆ. ಅಂದರೆ 300 ಪ್ರತಿಯನ್ನೂ ಒಂದು ಪೈಸೆ ರಿಯಾಯಿತಿ ಕೊಡದೆ, ಯಾರಿಗೂ ಸುಮ್ನೆ ಕೊಡದೆ, ನೀವೇ ನಿಂತು ಮಾರಿದರೂ ಬರುವುದು 60 ಸಾವಿರ. ಐದು ಸಾವಿರ ಕೈಯಿಂದ ಹೋಯಿತು. ಅಂಗಡಿಗೆ ಕೊಟ್ಟರೆ ನೂರಕ್ಕೆ 35–40 ಕಮಿಷನ್ ಕೇಳುತ್ತಾರೆ, ಆಗ ಇನ್ನೂ ಕಷ್ಟ. ಎಲ್ಲ ಪ್ರತಿ ಮಾರಿಯೂ ನಷ್ಟ ಆಗುವ ವ್ಯಾಪಾರವನ್ನು ನಿಮ್ಮ ಡೈರಿಯ ಆಡಳಿತ ಮಂಡಳಿ ಒಪ್ಪುತ್ತದಾ?

ಅವರು ಪಟ್ಟಿ ಮಾಡಿರುವ ಸೇವೆಗಳನ್ನೂ ಒಂದೊಂದಾಗಿ ಬಿಡಿಸಿ ನೋಡಿ. ಐಎಸ್‌ಬಿಎನ್ (ಪುಸ್ತಕದ ಗುರುತಿನ ಸಂಖ್ಯೆ) ಕೊಡುವುದು ರಾಜಾ ರಾಮಮೋಹನ ರಾಯ್ ರಾಷ್ಟ್ರೀಯ ಐಎಸ್‌ಬಿಎನ್ ಏಜೆನ್ಸಿ, ಕೇಂದ್ರ ಶಿಕ್ಷಣ ಇಲಾಖೆಯ ಕೆಳಗೆ. ಅದಕ್ಕೆ ಶುಲ್ಕವೇ ಇಲ್ಲ. ಲೇಖಕರು ತಾವೇ ಪ್ರಕಾಶಕರಾದರೂ ಆನ್‌ಲೈನಲ್ಲಿ ಅರ್ಜಿ ಹಾಕಬಹುದು. ಸ್ವಲ್ಪ ತಾಳ್ಮೆ ಬೇಕು ಅಷ್ಟೆ. ಆಮೇಲೆ ಕಾಪಿರೈಟ್. ಬರೆದ ಕ್ಷಣದಿಂದಲೇ ಅದು ನಿಮ್ಮದು. 1957ರ ಕಾಯ್ದೆ ಪ್ರಕಾರ ನೀವಿರುವಷ್ಟು ದಿನ, ಆಮೇಲೆ ಇನ್ನೂ 60 ವರ್ಷ. ನೋಂದಣಿ ಕಡ್ಡಾಯ ಅಲ್ಲ. ಮಾಡಿಸಲೇಬೇಕು ಅನಿಸಿದರೆ ಸಾಹಿತ್ಯ ಕೃತಿಗೆ 500 ರೂಪಾಯಿ ಶುಲ್ಕ. ಅವರು 'ಬಿಡುಗಡೆ' ಅನ್ನುವುದು ಏನು ಅಂತ ಕೇಳಿ ನೋಡಿ. ಬಹಳ ಕಡೆ ಅದು ಇಪ್ಪತ್ತು ಪುಸ್ತಕವನ್ನು ಒಂದೇ ದಿನ ಒಂದೇ ವೇದಿಕೆಯಲ್ಲಿ ಗುಂಪಾಗಿ ಬಿಡುಗಡೆ ಮಾಡುವುದು. ಸಾಮೂಹಿಕ ವಿವಾಹದ ಹಾಗೆ. ಫೋಟೋದಲ್ಲಿ ನಿಮ್ಮನ್ನು ಹುಡುಕಿಕೊಳ್ಳಬೇಕು.

ದುಡ್ಡು ಕೊಟ್ಟು ಪುಸ್ತಕ ಮಾಡುವುದೇ ತಪ್ಪು ಅಂತ ನಾನು ಹೇಳುತ್ತಿಲ್ಲ. ಕನ್ನಡದಲ್ಲಿ ಎಷ್ಟೋ ಒಳ್ಳೆ ಪುಸ್ತಕ ಲೇಖಕರ ಜೇಬಿನಿಂದಲೇ ಬಂದಿವೆ. ನಾನು ಕೇಳುವುದು ಒಂದೇ: ನಷ್ಟ ಯಾರದ್ದು? ಪ್ರಕಾಶಕರು ದುಡ್ಡು ಹಾಕಿದರೆ ನಷ್ಟ ಅವರದ್ದು, ಹಾಗಾಗಿ ಪುಸ್ತಕ ಮಾರುವ ಗರಜೂ ಅವರದ್ದು. ನೀವೇ ಹಾಕಿದರೆ ನಷ್ಟ ನಿಮ್ಮದು, ಆದರೆ ಪ್ರತಿಗಳೂ ನಿಮ್ಮವು, ಬೆಲೆ ಇಡುವವರೂ ನೀವು, ಬಂದ ದುಡ್ಡೂ ನಿಮ್ಮದು. ಇವೆರಡೂ ನ್ಯಾಯ. ಮೂರನೆಯದೊಂದಿದೆ. ದುಡ್ಡು ನಿಮ್ಮದು, ಪ್ರಕಾಶಕರ ಹೆಸರು ಅವರದ್ದು, ಮಾರಾಟದಲ್ಲಿ ನಿಮಗೆ 'ರಾಯಲ್ಟಿ'. ನಿಮ್ಮ ಹಣದಲ್ಲೇ ನಿಮಗೆ ನೂರಕ್ಕೆ ಹತ್ತು ಕೊಡುವುದು. ಇಲ್ಲಿ ಪುಸ್ತಕ ಒಂದೂ ಮಾರಾಟ ಆಗದಿದ್ದರೂ ಅವರಿಗೆ ಲಾಭ ಬಂದಾಗಿದೆ, ನೀವು ಕಟ್ಟಿದ ದಿನವೇ. ಮತ್ತೆ ಯಾಕೆ ಮಾರುತ್ತಾರೆ?

ಸ್ವಂತಕ್ಕೆ ಹಾಕುವ ಮಾತು ಬಂದಾಗ ಎಲ್ಲರೂ ತೇಜಸ್ವಿ ಹೆಸರು ಹೇಳುತ್ತಾರೆ. ಮೂಡಿಗೆರೆ ತೋಟದಲ್ಲಿ ಕೂತು ತಮ್ಮದೇ 'ಪುಸ್ತಕ ಪ್ರಕಾಶನ'ದಿಂದ ಪುಸ್ತಕ ತಂದರಲ್ಲ, ನಾವೂ ಮಾಡೋಣ ಅಂತ. ನಿಜ. ಆದರೆ ಅವರ ಪುಸ್ತಕ ಯಾವಾಗ ಬರುತ್ತದೆ ಅಂತ ಕಾಯುವ ಓದುಗರಿದ್ದರು. ನಿಮಗೂ ನನಗೂ ಆ ಓದುಗರಿಲ್ಲ, ಅವರನ್ನು ಮೊದಲು ಸಂಪಾದಿಸಿಕೊಳ್ಳಬೇಕು. ಅದಕ್ಕೇ ಈಗ ಬರುವ ಮಾತು ನಿಮಗೆ ಸ್ವಲ್ಪ ಕಹಿ ಅನಿಸಬಹುದು.

ನಿಮ್ಮ ಪತ್ರದಲ್ಲಿ ಒಂದು ವಿಷಯ ಇಲ್ಲ. ಆ 14 ಕಥೆಗಳಲ್ಲಿ ಒಂದಾದರೂ ಎಲ್ಲಾದರೂ ಅಚ್ಚಾಗಿದೆಯಾ? ನಿಮ್ಮ ಪರಿಚಯವೇ ಇಲ್ಲದ ಒಬ್ಬರಾದರೂ ಅವನ್ನು ಓದಿದ್ದಾರಾ? ಇದರ ಬಗ್ಗೆ ಒಂದಕ್ಷರವೂ ಇಲ್ಲ ಅಂದರೆ ಉತ್ತರ 'ಇಲ್ಲ' ಅಂತ ನಾನು ಊಹಿಸುತ್ತೇನೆ. ಬೆಳಿಗ್ಗೆ ಡೈರಿಗೆ ಹಾಲು ತಂದವರು 'ನಮ್ಮ ಹಸುದು ಒಳ್ಳೆ ಗಟ್ಟಿ ಹಾಲು ಕಣಮ್ಮ' ಅಂದರೆ ನೀವು ಅದನ್ನೇ ಪುಸ್ತಕದಲ್ಲಿ ಬರೆದುಕೊಳ್ಳುತ್ತೀರಾ? ಮೆಷಿನ್‌ಗೆ ಹಾಕಿ ಫ್ಯಾಟು, ಡಿಗ್ರಿ ನೋಡಿಯೇ ಬರೆಯುವುದು. ಗಂಡ, ಅಕ್ಕ, ಕಾಲೇಜಿನ ಗೆಳತಿ ಚೆನ್ನಾಗಿದೆ ಅಂದದ್ದು ಹಾಲು ತಂದವರ ಮಾತಿದ್ದ ಹಾಗೆ. ಸುಳ್ಳು ಅಂತಲ್ಲ, ಅಳತೆ ಅಲ್ಲ.

ಅಳತೆ ಎಲ್ಲಿ ಸಿಗುತ್ತದೆ? ಪತ್ರಿಕೆಗಳಲ್ಲಿ. ಸುಧಾ, ತರಂಗ, ಮಯೂರ, ದಿನಪತ್ರಿಕೆಗಳ ಭಾನುವಾರದ ಪುರವಣಿ, ಪ್ರಜಾವಾಣಿಯ ದೀಪಾವಳಿ ಕಥಾಸ್ಪರ್ಧೆ. ನಿಮ್ಮ ಅತ್ಯುತ್ತಮ ನಾಲ್ಕು ಕಥೆ ಆರಿಸಿ ನಾಲ್ಕು ಕಡೆ ಕಳಿಸಿ. ಒಂದೇ ಕಥೆಯನ್ನು ಎರಡು ಕಡೆ ಕಳಿಸಬೇಡಿ. ಎರಡೂ ಕಡೆ ಅಚ್ಚಾದರೆ ಇಬ್ಬರು ಸಂಪಾದಕರೂ ನಿಮ್ಮ ಹೆಸರನ್ನು ನೆನಪಿಟ್ಟುಕೊಳ್ಳುತ್ತಾರೆ, ಒಳ್ಳೆ ಕಾರಣಕ್ಕಲ್ಲ. ಯಾವುದನ್ನು ಯಾವ ತಾರೀಖು ಕಳಿಸಿದಿರಿ ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಮೂರು ತಿಂಗಳು ಸುದ್ದಿ ಇಲ್ಲದಿದ್ದರೆ ಎರಡು ಸಾಲಿನ ಮೇಲ್ ಹಾಕಿ, ಆಮೇಲೆ ಬೇರೆ ಕಡೆ ಕಳಿಸಿ. ಇನ್ನೊಂದು, ಕಳಿಸುವ ಕಥೆಯನ್ನು ಮೊದಲೇ ಫೇಸ್‌ಬುಕ್ಕಿಗೋ ವಾಟ್ಸಾಪ್ ಗುಂಪಿಗೋ ಹಾಕಿಬಿಡಬೇಡಿ. ಎಷ್ಟೋ ಸ್ಪರ್ಧೆಗಳಲ್ಲಿ ಅದನ್ನು 'ಈಗಾಗಲೇ ಪ್ರಕಟವಾದದ್ದು' ಅಂತ ಪಕ್ಕಕ್ಕಿಡುತ್ತಾರೆ. ಎರಡು ಕಥೆ ಅಚ್ಚಾದರೂ ಪ್ರಕಾಶಕರಿಗೆ ಬರೆಯುವ ಪತ್ರದ ಬಣ್ಣವೇ ಬೇರೆಯಾಗುತ್ತದೆ. 'ಹೊಸಬರ ಕಥೆ ಓಡಲ್ಲ' ಅಂದವರು ಒರಟಾಗಿ ಅಂದಿರಬಹುದು, ಆದರೆ ಅವರ ಕಡೆಯಿಂದಲೂ ನೋಡಿ: ಹೆಸರೇ ಕೇಳಿರದವರ 500 ಪ್ರತಿ ಗೋಡೌನಿನಲ್ಲಿ ಕೂತರೆ ಅವರು ಕಟ್ಟಬೇಕಾದ ಬಾಡಿಗೆ ನಿಜವಾದದ್ದು.

14ರಲ್ಲಿ ಎಷ್ಟನ್ನು ಉಳಿಸಬೇಕು ಅನ್ನುವುದು ಇನ್ನೊಂದು ಮಾತು. ಎಲ್ಲವನ್ನೂ ಸೇರಿಸಬೇಡಿ. ಬಾನು ಮುಷ್ತಾಕ್ ಅವರ ಪ್ರಶಸ್ತಿ ಬಂದ ಇಂಗ್ಲಿಷ್ ಸಂಕಲನದಲ್ಲಿ ಇರುವುದು 12 ಕಥೆ. ಅವು 1990ರಿಂದ 2023ರವರೆಗೆ, ಮೂವತ್ತಕ್ಕೂ ಜಾಸ್ತಿ ವರ್ಷದಲ್ಲಿ ಬರೆದವು. ಅನುವಾದಕಿ ದೀಪಾ ಭಾಸ್ತಿ ಅಷ್ಟೊಂದು ಕಥೆಗಳಲ್ಲಿ ಆರಿಸಿ ತೆಗೆದದ್ದು ಹನ್ನೆರಡನ್ನು. ನೀವು ನಾಲ್ಕು ವರ್ಷದಲ್ಲಿ ಬರೆದ 14ರಲ್ಲಿ 14ನ್ನೂ ಹಾಕಬೇಕು ಅನ್ನುತ್ತಿದ್ದೀರಿ. ಮೊದಲ ಪುಸ್ತಕದಲ್ಲಿ ಬಹಳ ಜನ ಮಾಡುವ ತಪ್ಪೇ ಇದು, ಇನ್ನೊಂದು ಪುಸ್ತಕ ಬರುತ್ತದೋ ಇಲ್ಲವೋ ಅಂತ ಮನೆಯಲ್ಲಿದ್ದ ಸಾಮಾನನ್ನೆಲ್ಲ ಒಂದೇ ಗಾಡಿಗೆ ಹೇರುವುದು. ಒಂಬತ್ತೋ ಹತ್ತೋ ಇರಲಿ. ಮೊದಲ ಎರಡು ವರ್ಷದಲ್ಲಿ ಬರೆದವನ್ನು ಜಾಸ್ತಿ ಅನುಮಾನದಿಂದ ನೋಡಿ. ಉಳಿದದ್ದನ್ನು ಹರಿದು ಹಾಕಬೇಕಿಲ್ಲ, ಇರಲಿ.

ಪ್ರಕಾಶಕರಿಗೆ ಮತ್ತೆ ಕಳಿಸುವಾಗ ಮೊದಲು ಅವರು ಕಥೆ ಪ್ರಕಟಿಸುತ್ತಾರಾ ಅಂತ ನೋಡಿಕೊಳ್ಳಿ. ನಗಬೇಡಿ. ಪಠ್ಯಪುಸ್ತಕ ಮತ್ತು ಸ್ಪರ್ಧಾ ಪರೀಕ್ಷೆಯ ಪುಸ್ತಕ ಮಾತ್ರ ಹಾಕುವವರಿಗೆ ಕವನ ಕಳಿಸಿ ವರ್ಷಗಟ್ಟಲೆ ಕಾದವರನ್ನು ನಾನು ನೋಡಿದ್ದೇನೆ. ನಿಮ್ಮ ಬಗ್ಗೆ ಐದಾರು ಸಾಲು, ಎಲ್ಲಿ ಅಚ್ಚಾಗಿದೆ ಅನ್ನುವ ಒಂದು ಸಾಲು, ಎರಡೇ ಕಥೆ. 'ಬಾಲ್ಯದಿಂದಲೂ ಸಾಹಿತ್ಯದಲ್ಲಿ ಅಪಾರ ಆಸಕ್ತಿ' ಅನ್ನುವುದು ಬೇಡ, ಎಲ್ಲರಿಗೂ ಇರುತ್ತದೆ. ಬೆಳಿಗ್ಗೆ ಐದೂವರೆಗೆ ಡೈರಿ ಬಾಗಿಲು ತೆಗೆಯುವವಳು ಅಂತ ಬರೆಯಿರಿ, ಓದುತ್ತಾರೆ. ಮೊದಲ ಕಥಾಸಂಕಲನಕ್ಕೇ ಅಂತ ಹಸ್ತಪ್ರತಿ ಸ್ಪರ್ಧೆ ನಡೆಸಿದ 'ಛಂದ ಪುಸ್ತಕ' ಪ್ರಕಾಶನದಂಥವರೂ ಇದ್ದಾರೆ. ಗೆದ್ದರೆ ಬಹುಮಾನ, ಜೊತೆಗೆ ಪುಸ್ತಕ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಪತ್ರಿಕೆಯಲ್ಲಿ ಪ್ರಕಟಣೆ ಬರುತ್ತದೆ, ಹಸ್ತಪ್ರತಿ ಕಳಿಸಬೇಕು. 'ಯುವ' ಅಂದಮೇಲೆ ವಯಸ್ಸಿನ ಮಿತಿ ಇರುತ್ತದೆ, ಮೊದಲು ಅದನ್ನೇ ನೋಡಿ. ಮುಖ್ಯವಾದದ್ದು ಏನೆಂದರೆ ಇವೆಲ್ಲ ಅಚ್ಚಾಗದ ಮೊದಲ ಪುಸ್ತಕಕ್ಕೆ. ಆ ಸಂಸ್ಥೆಗೆ ದುಡ್ಡು ಕಟ್ಟಿ ಪುಸ್ತಕ ಮಾಡಿಸಿಕೊಂಡ ದಿನ ಈ ಬಾಗಿಲುಗಳೆಲ್ಲ ಮುಚ್ಚಿಕೊಳ್ಳುತ್ತವೆ. 'ಚೊಚ್ಚಲ' ಅನ್ನುವುದನ್ನು ಒಂದೇ ಸಲ ಬಳಸಲು ಸಾಧ್ಯ. ಇದನ್ನು ಪ್ಯಾಕೇಜಿನವರು ಯಾರೂ ಹೇಳುವುದಿಲ್ಲ.

ಪ್ರಶಸ್ತಿಗಳೂ ಇವೆ. ಸಾಹಿತ್ಯ ಅಕಾಡೆಮಿಯ ಯುವ ಪುರಸ್ಕಾರ 35 ವರ್ಷದೊಳಗಿನವರಿಗೆ, ಕರ್ನಾಟಕ ಸಾಹಿತ್ಯ ಅಕಾಡೆಮಿಯಲ್ಲಿ ಮಧುರಚೆನ್ನ ದತ್ತಿನಿಧಿ ಬಹುಮಾನ ಲೇಖಕರ ಮೊದಲ ಸ್ವತಂತ್ರ ಕೃತಿಗೆ. ನಿಮಗೆ 34 ಅಂತ ಗೊತ್ತು. ಅದಕ್ಕಾಗಿ ಗಡಿಬಿಡಿ ಮಾಡಬೇಡಿ.

ಸರಿ, ಇದೆಲ್ಲ ಮಾಡಿ ವರ್ಷ ಕಳೆದ ಮೇಲೂ ಯಾರೂ ಒಪ್ಪಲಿಲ್ಲ, ನಾನೇ ಹಾಕುತ್ತೇನೆ ಅಂದರೆ ಆಗ ಮಾಡಿ. ಆದರೆ ಪ್ರೆಸ್ಸಿನ ಭಾಷೆ ಸ್ವಲ್ಪ ಗೊತ್ತಿರಲಿ. ನಮ್ಮ ಕಥೆ ಕಾದಂಬರಿ ಸಾಮಾನ್ಯವಾಗಿ ಡೆಮಿ 1/8 ಅಳತೆಯಲ್ಲಿ ಬರುತ್ತವೆ, ಕತ್ತರಿಸಿದ ಮೇಲೆ ಐದೂವರೆ ಇಂಚು ಅಗಲ, ಎಂಟೂವರೆ ಇಂಚು ಎತ್ತರ. 18x23 ಇಂಚಿನ ಒಂದು ಹಾಳೆಯ ಎರಡೂ ಬದಿ ಅಚ್ಚು ಹಾಕಿ ಮಡಚಿದರೆ 16 ಪುಟ. ಇದಕ್ಕೆ ಒಂದು ಫಾರಂ ಅನ್ನುತ್ತಾರೆ. ಪ್ರೆಸ್ಸಿನವರ ಲೆಕ್ಕ ಎಲ್ಲ ಫಾರಮ್ಮಿನಲ್ಲೇ. 160 ಪುಟ ಅಂದರೆ ಸರಿಯಾಗಿ 10 ಫಾರಂ. ನಿಮ್ಮ ಪುಸ್ತಕ 162 ಪುಟಕ್ಕೆ ನಿಂತರೆ ಆ ಎರಡು ಪುಟಕ್ಕಾಗಿ ಇನ್ನೊಂದು ಅರ್ಧ ಫಾರಮ್ಮಿನ ದುಡ್ಡು. ಆಗ ಅಕ್ಷರ ಸಣ್ಣದು ಮಾಡಿ ಅನ್ನುತ್ತಾರೆ, ಒಪ್ಪಬೇಡಿ, ಕನ್ನಡದ ಒತ್ತಕ್ಷರ ಒಂದರ ಮೇಲೊಂದು ಕೂತು ಓದುವವರಿಗೆ ತಲೆನೋವು. ಕೃತಜ್ಞತೆಯಲ್ಲಿ ಎರಡು ಪುಟ ಕಡಿಮೆ ಮಾಡಿ. ಅಲ್ಲಿ ಯಾವಾಗಲೂ ಎರಡು ಪುಟ ಜಾಸ್ತಿಯೇ ಇರುತ್ತದೆ.

500 ಪ್ರತಿಗೆ 10 ಫಾರಂ ಅಂದರೆ 5,000 ಹಾಳೆ, 10 ರೀಮ್ ಕಾಗದ, ಮೇಲೆ ಸ್ವಲ್ಪ ಹಾಳಾಗುವುದಕ್ಕೆ. ಒಳಪುಟಕ್ಕೆ 70 ಜಿಎಸ್‌ಎಂ ಮ್ಯಾಪ್ಲಿಥೋ ಕಾಗದ (ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಅಂತ), ರಕ್ಷಾಪುಟಕ್ಕೆ 300 ಜಿಎಸ್‌ಎಂ ಆರ್ಟ್ ಬೋರ್ಡ್ ಅಂತ ಹೇಳಿ ಹಾಸನದಲ್ಲಿ ಒಂದು, ಬೆಂಗಳೂರಲ್ಲಿ ಎರಡು ಕಡೆ ಕೊಟೇಶನ್ ತಗೊಳ್ಳಿ. ಪುಟ ಕಟ್ಟುವುದು, ಕರಡು, ಮುಖಪುಟ, ಕಾಗದ, ಅಚ್ಚು, ಬೈಂಡಿಂಗ್ ಪ್ರತ್ಯೇಕ ಪ್ರತ್ಯೇಕ ಬರೆಸಿಕೊಳ್ಳಿ. ಒಟ್ಟು ಇಷ್ಟು ಅಂತ ಒಂದೇ ಸಾಲಲ್ಲಿ ಬರೆದುಕೊಡುವವರ ಹತ್ತಿರ ಹೋಗಬೇಡಿ. ಎಲ್ಲ ಸೇರಿ ಪ್ರತಿಗೆ 90 ರೂಪಾಯಿ ಬಿದ್ದರೂ 500 ಪ್ರತಿಗೆ 45 ಸಾವಿರ. ಆ ಸಂಸ್ಥೆಯ 300 ಪ್ರತಿಗಿಂತ 20 ಸಾವಿರ ಕಡಿಮೆ, 200 ಪುಸ್ತಕ ಜಾಸ್ತಿ. ಅಷ್ಟು ಬೇಡ ಅಂದರೆ ಪ್ರಿಂಟ್ ಆನ್ ಡಿಮಾಂಡ್ ಇದೆ, ನೂರೇ ಪ್ರತಿ ಹಾಕಿಸಬಹುದು. ಪ್ರತಿಗೆ ಖರ್ಚು ಜಾಸ್ತಿ, ಆದರೆ ಮನೆಯಲ್ಲಿ ರಾಶಿ ಬೀಳುವುದಿಲ್ಲ. ಹೊಸಬರಿಗೆ ನಾನು ಈಗ ಇದನ್ನೇ ಹೇಳುತ್ತಿದ್ದೇನೆ.

ಈಗ ಕರಡು. ಇದು ನನ್ನ ಕಸುಬು, ಹಾಗಾಗಿ ಸ್ವಲ್ಪ ಉದ್ದ ಆಗುತ್ತದೆ, ಸಹಿಸಿಕೊಳ್ಳಿ.

ನೀವು ಫೋನಿನಲ್ಲೋ ಕಂಪ್ಯೂಟರಿನಲ್ಲೋ ಟೈಪ್ ಮಾಡುವುದು ಯೂನಿಕೋಡ್ ಅನ್ನುವ ಅಕ್ಷರ ವ್ಯವಸ್ಥೆಯಲ್ಲಿ. ಬಹಳ ಡಿಟಿಪಿ ಅಂಗಡಿಗಳಲ್ಲಿ ಇವತ್ತಿಗೂ ಹಳೇ ಪೇಜ್‌ಮೇಕರಿನಲ್ಲಿ 'ನುಡಿ' ಅನ್ನುವ ಬೇರೆ ಬಗೆಯ ಅಕ್ಷರದಲ್ಲೇ ಪುಟ ಕಟ್ಟುವುದು. ಒಂದರಿಂದ ಇನ್ನೊಂದಕ್ಕೆ ಬದಲಾಯಿಸುವಾಗ ಅರ್ಕಾವತ್ತು, ಒತ್ತಕ್ಷರ, ದೀರ್ಘ, ಉದ್ಧರಣ ಚಿಹ್ನೆಗಳು ಎಲ್ಲೆಲ್ಲೋ ಹಾರಿ ಕೂರುತ್ತವೆ. ನೀವು ಮನೆಯಲ್ಲಿ ಹತ್ತು ಸಲ ತಿದ್ದಿದ ಕಥೆಯಲ್ಲಿ ಹೊಸದಾಗಿ ತಪ್ಪು ಹುಟ್ಟುತ್ತವೆ. ಅದಕ್ಕೇ ಕರಡು ನೋಡಬೇಕಾದದ್ದು ಪುಟ ಕಟ್ಟಿದ ಮೇಲೆ, ಕಾಗದದ ಮೇಲೆ, ಪರದೆಯಲ್ಲಲ್ಲ. ಅಂಗಡಿಯವರ ಹತ್ತಿರ ಇನ್‌ಡಿಸೈನ್ ಇದ್ದು ಯೂನಿಕೋಡಿನಲ್ಲೇ ಮಾಡುತ್ತೇವೆ ಅಂದರೆ ಅರ್ಧ ತಲೆನೋವು ಕಡಿಮೆ.

ಕಂಪ್ಯೂಟರಿನ ಕಾಗುಣಿತ ಪರೀಕ್ಷೆ ನಂಬಿ ಕೂರಬೇಡಿ. ನಮ್ಮ ಸೀಮೆಯಲ್ಲಿ ಅಕಾರ ಹಕಾರದ ಕಥೆ ನಿಮಗೆ ಗೊತ್ತು. 'ಹಾಸನ' ಬರೆಯುವ ಕಡೆ 'ಆಸನ' ಅಂತ ಬಂದರೆ ಯಾವ ಯಂತ್ರವೂ ಹಿಡಿಯುವುದಿಲ್ಲ, ಎರಡೂ ಸರಿಯಾದ ಪದ. ಒಬ್ಬರು ಆತ್ಮಕಥೆಯಲ್ಲಿ 'ನನ್ನ ಆದರಕ್ಕೆ ಪಾತ್ರರಾದ' ಅಂತ ಬರೆದಿದ್ದರು. ಮೊದಲ ಕರಡಿನಲ್ಲಿ ಒಂದು ಹಕಾರ ಸೇರಿಕೊಂಡಿತ್ತು. ಹಿಡಿದೆ, ಬಚಾವಾದರು.

ಎಲ್ಲ ಸಲವೂ ಹಿಡಿದಿದ್ದೇನೆ ಅಂತಲ್ಲ. ಹಲವು ವರ್ಷದ ಹಿಂದೆ ನಾನೇ ಸ್ವಂತಕ್ಕೆ ಹಾಕಿದ ಒಂದು ಕಥಾಸಂಕಲನ. ಐದನೇ ಕರಡು ಆಗಿ ಎಲ್ಲ ಮುಗಿದ ಮೇಲೆ ಲೇಖಕರು ಫೋನ್ ಮಾಡಿ ಮಧ್ಯದಲ್ಲಿ ಒಂದು ವಾಕ್ಯ ಸೇರಿಸಬೇಕು ಅಂದರು. ಸೇರಿಸಿದೆವು. ಪಠ್ಯ ಎರಡು ಸಾಲು ಕೆಳಗೆ ಜರುಗಿತು, ಕೊನೆಯ ಪುಟದ ಚೌಕಟ್ಟು ತುಂಬಿ ಕಥೆಯ ಕೊನೆಯ ಎರಡು ಸಾಲು ಕಾಣದ ಹಾಗೆ ಒಳಗೇ ಉಳಿದುಬಿಟ್ಟವು. ಆ ಪುಟವನ್ನು ಮತ್ತೆ ನೋಡಲಿಲ್ಲ. ಅಚ್ಚಾಯಿತು. ಹದಿನೈದು ದಿನ ಬಿಟ್ಟು ಓದುಗರೊಬ್ಬರು ಕರೆ ಮಾಡಿ 'ಆ ಕಥೆ ಅಂತ್ಯ ಅದ್ಭುತ ಸಾರ್, ಎಲ್ಲ ಓದುಗರಿಗೇ ಬಿಟ್ಟಿದ್ದೀರಿ' ಅಂದರು. ಲೇಖಕರು ಮೂರು ತಿಂಗಳು ನನ್ನ ಹತ್ತಿರ ಮಾತು ಬಿಟ್ಟಿದ್ದರು. ಎರಡನೇ ಮುದ್ರಣದಲ್ಲಿ ಆ ಎರಡು ಸಾಲು ಸೇರಿಸೋಣ ಅಂದರೆ, ಬೇಡ ಹಾಗೇ ಇರಲಿ ಅಂದರು. ಎರಡನೇ ಮುದ್ರಣವೇ ಬರಲಿಲ್ಲ ಅನ್ನುವುದು ಬೇರೆ ವಿಷಯ. ಕೊನೆಯ ಗಳಿಗೆಯಲ್ಲಿ ಏನೇ ಬದಲಾಯಿಸಿದರೂ ಆ ಕಥೆ ಮುಗಿಯುವವರೆಗಿನ ಎಲ್ಲ ಪುಟ ಮತ್ತೆ ನೋಡಿ. ಇದೊಂದನ್ನು ಮಾತ್ರ ಮರೆಯಬೇಡಿ.

ಭಾಷೆ ತಿದ್ದುವವರು ನಿಮ್ಮ ಪಾತ್ರಗಳ 'ಬತ್ತೀನಿ', 'ಐತೆ', 'ಹೋಯ್ತದೆ'ಗಳನ್ನೆಲ್ಲ ಪಠ್ಯಪುಸ್ತಕದ ಕನ್ನಡ ಮಾಡಲು ಬಂದರೆ ತಡೆಯಿರಿ. ಆಲೂರಿನ ಅಜ್ಜಿ 'ಬರುತ್ತೇನೆ' ಅನ್ನುವುದಿಲ್ಲ. ಆದರೆ ಒಂದೇ ಅಜ್ಜಿ ಒಂದು ಪುಟದಲ್ಲಿ 'ಐತೆ', ಮುಂದಿನ ಪುಟದಲ್ಲಿ 'ಇದೆ' ಅನ್ನಬಾರದು. ಒಂದು ಹಾಳೆಯಲ್ಲಿ ಯಾರು ಹೇಗೆ ಮಾತಾಡುತ್ತಾರೆ ಅಂತ ಬರೆದಿಟ್ಟುಕೊಂಡು ಕರಡಿಗೆ ಕೂರಿ.

ಮುನ್ನುಡಿಗೆ ದೊಡ್ಡವರ ಬೆನ್ನು ಬೀಳಬೇಡಿ. ಮುನ್ನುಡಿ ಬರಲಿಲ್ಲ ಅಂತ ಎರಡು ವರ್ಷ ನಿಂತ ಪುಸ್ತಕ ನನಗೆ ಗೊತ್ತು, ಹಾಸನಾಂಬೆ ಬಾಗಿಲಾದರೂ ವರ್ಷಕ್ಕೊಮ್ಮೆ ತೆರೆಯುತ್ತದೆ. ಕೊನೆಗೆ ಬಂದ ಮುನ್ನುಡಿಯಲ್ಲಿ ಮೂರು ಪುಟ ಕನ್ನಡ ಸಣ್ಣಕಥೆಯ ಇತಿಹಾಸ, ಈ ಲೇಖಕರ ಬಗ್ಗೆ ಎರಡು ಸಾಲು. ಮೊದಲ ಕಥೆ ಚೆನ್ನಾಗಿದ್ದರೆ ಮುನ್ನುಡಿ ಬೇಕಿಲ್ಲ.

ಬಿಡುಗಡೆಗೆ ಸಭಾಂಗಣ, ಶಾಲು, ಹಾರ, ಊಟ ಅಂತ ಖರ್ಚು ಮಾಡಬೇಡಿ. ನಿಮ್ಮೂರ ಶಾಲೆಯಲ್ಲೋ ತಾಲ್ಲೂಕು ಗ್ರಂಥಾಲಯದಲ್ಲೋ ಒಂದು ಭಾನುವಾರ, ಕಾಫಿ, ಖಾರಾಬೂಂದಿ, ನೀವು ಒಂದು ಕಥೆ ಓದಿ. ಬಂದವರಿಗೆ 150ಕ್ಕೆ ಪುಸ್ತಕ ಮಾರಿ. ಮಾರಿ ಅಂದೆ, ಕೊಡಿ ಅಂದಿಲ್ಲ. 'ಒಂದು ಗೌರವ ಪ್ರತಿ ಕೊಡಮ್ಮ' ಅನ್ನುವವರು ಎಲ್ಲ ಊರಲ್ಲೂ ಇದ್ದಾರೆ, ಬಹುಪಾಲು ಜನ ಅದನ್ನು ತೆರೆದೂ ನೋಡುವುದಿಲ್ಲ. ಪತ್ರಿಕೆಯ ವಿಮರ್ಶೆಗೆ, ಪ್ರಶಸ್ತಿ ಅರ್ಜಿಗೆ ಅಂತ ಮೂವತ್ತು ಪ್ರತಿ ಬೇರೆ ತೆಗೆದಿಡಿ. ಪ್ರಕಾಶಕರು ನೀವೇ ಆದರೆ ಗ್ರಂಥಾಲಯಗಳಿಗೆ ಪುಸ್ತಕ ಒಪ್ಪಿಸುವ 1954ರ ಕಾಯ್ದೆಯಂತೆ ಪ್ರಕಟವಾದ 30 ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ, ಚೆನ್ನೈ, ಮುಂಬೈ, ದೆಹಲಿಯ ಗೊತ್ತುಪಡಿಸಿದ ಗ್ರಂಥಾಲಯಗಳಿಗೆ ಒಂದೊಂದು ಪ್ರತಿ ಕಳಿಸುವುದೂ ನಿಮ್ಮದೇ ಕೆಲಸ.

ದೂರದವರಿಗೆ ಅಂಚೆಯಲ್ಲಿ ಕಳಿಸಬಹುದು. 160 ಪುಟದ ಪುಸ್ತಕ 200 ಗ್ರಾಂ ಆಸುಪಾಸು ತೂಗುತ್ತದೆ. 2025ರ ಮೇ 1ರಿಂದ ಅಂಚೆ ಇಲಾಖೆ ಪುಸ್ತಕಗಳಿಗೆ 'ಜ್ಞಾನ ಪೋಸ್ಟ್' ಅಂತ ಶುರು ಮಾಡಿದೆ, 300 ಗ್ರಾಂವರೆಗೆ 20 ರೂಪಾಯಿ, ತೆರಿಗೆ ಬೇರೆ. ನಿಮ್ಮ ಪುಸ್ತಕ ಅದಕ್ಕೆ ಹೊಂದುತ್ತದಾ ಅಂತ ಆಲೂರು ಅಂಚೆ ಕಚೇರಿಯಲ್ಲಿ ಕೇಳಿ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಸಗಟು ಖರೀದಿಗೂ ಅರ್ಜಿ ಹಾಕಿ. ಆಯ್ಕೆಯಾದರೆ 300 ಪ್ರತಿಯವರೆಗೆ ಹೋಗಬಹುದು. ಆದರೆ ಆ ದುಡ್ಡು ನಂಬಿ ಸಾಲ ಮಾಡಬೇಡಿ, ಅದು ಬಂದಾಗ ಬಂತು. ಅದನ್ನೇ ಲೆಕ್ಕಕ್ಕಿಟ್ಟು ಸಾವಿರ ಪ್ರತಿ ಹಾಕಿದ ಗೆಳೆಯರೊಬ್ಬರ ಮನೆಯಲ್ಲಿ ಈಗಲೂ ಪುಸ್ತಕದ ಕಟ್ಟುಗಳೇ ದಿವಾನ.

ಯಾರಾದರೂ ಪ್ರಕಾಶಕರು ಒಪ್ಪಿದರೆ ಬಾಯಿಮಾತಿಗೆ ಬಿಡಬೇಡಿ. ಹಕ್ಕು ಬಿಟ್ಟುಕೊಡುವುದು ಬರಹದಲ್ಲಿ, ಸಹಿ ಸಮೇತ ಇರಲೇಬೇಕು ಅಂತ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಹೇಳುತ್ತದೆ. ಅವಧಿ ಬರೆದಿಲ್ಲದಿದ್ದರೆ ಐದು ವರ್ಷ ಅಂತ ಅರ್ಥ. ಎಷ್ಟು ಪ್ರತಿ, ರಾಯಲ್ಟಿ ಎಷ್ಟು, ಯಾವಾಗ ಕೊಡುತ್ತಾರೆ ಅನ್ನುವುದು ಇರಲಿ. ಇ-ಪುಸ್ತಕ, ಆಡಿಯೋ, ಸಿನಿಮಾ, ಅನುವಾದದ ಹಕ್ಕು ನಿಮ್ಮ ಹತ್ತಿರವೇ ಇರಲಿ ಅಂತ ಬರೆಸಿ. ಸಿನಿಮಾ ಯಾರು ಮಾಡ್ತಾರೆ ಅಂತ ನೀವು ನಗುತ್ತೀರಿ. ಅನುವಾದದ ಹಕ್ಕು ಏನು ಮಾಡಬಹುದು ಅಂತ ನಮ್ಮ ಊರಿನವರೇ ತೋರಿಸಿದ್ದಾರಲ್ಲ.

ಇನ್ನು ಊರಿನವರ ಭಯ. ಇದು ಚಿಕ್ಕದಲ್ಲ, ಏಕೆಂದರೆ ನೀವು ನಾಳೆ ಬೆಳಿಗ್ಗೆಯೂ ಅವರ ಕೈಯಿಂದಲೇ ಹಾಲು ಅಳೆಸಿಕೊಳ್ಳಬೇಕು. 'ಪಾತ್ರಗಳೆಲ್ಲ ಕಾಲ್ಪನಿಕ' ಅಂತ ಒಂದು ಸಾಲು ಹಾಕಿದರೆ ಎಲ್ಲ ಮುಗಿಯಿತು ಅಂದುಕೊಳ್ಳಬೇಡಿ. ಓದಿದವರಿಗೆ ಇಂಥವರೇ ಅಂತ ಸ್ಪಷ್ಟವಾಗಿ ತಿಳಿದು ಅವರ ಮಾನ ಹೋಗುವ ಹಾಗಿದ್ದರೆ ಮಾನನಷ್ಟದ ಕಾನೂನು ಇದೆ, ಈಗ ಭಾರತೀಯ ನ್ಯಾಯ ಸಂಹಿತೆಯ 356ನೇ ಸೆಕ್ಷನ್. ಆದರೆ ನನಗೆ ಕಾನೂನಿಗಿಂತ ಕಥೆಯ ಚಿಂತೆ. ಬರೀ ಹೆಸರು ಬದಲಾಯಿಸಿದರೆ ಸಾಲದು. ಗೌಡರ ಮನೆಯ ಜಗಳವನ್ನು ಮೇಷ್ಟ್ರ ಮನೆಗೆ ತನ್ನಿ, ಇಬ್ಬರ ಕಥೆಯನ್ನು ಒಬ್ಬರಲ್ಲಿ ಸೇರಿಸಿ, ಅಣ್ಣನನ್ನು ಅಕ್ಕ ಮಾಡಿ. ಹಾಗೆ ಮಾಡಿದಾಗ ಕಥೆ ಕುಸಿದರೆ ಅದು ಇನ್ನೂ ಕಥೆ ಆಗಿರಲಿಲ್ಲ, ಊರ ಸುದ್ದಿ ಆಗಿತ್ತು. ನಿಂತರೆ ಧೈರ್ಯವಾಗಿ ಹಾಕಿ. ನನ್ನ ಅನುಭವದಲ್ಲಿ ಜನ ತಮ್ಮನ್ನು ಗುರುತಿಸಿಕೊಳ್ಳುವುದು ಕಡಿಮೆ, ಪಕ್ಕದ ಮನೆಯವರನ್ನು ಗುರುತಿಸುವುದು ಜಾಸ್ತಿ. ನಿಜಕ್ಕೂ ಯಾರಿಗಾದರೂ ನೋವಾಗುವ ಕಥೆ ಒಂದಿದ್ದರೆ ಅದು ಯಾವುದು ಅಂತ ನಿಮಗೇ ಗೊತ್ತಿರುತ್ತದೆ. ತೆಗೆದಿಡುವ ನಾಲ್ಕೈದರಲ್ಲಿ ಅದೂ ಇರಲಿ.

ಮಳೆಗಾಲಕ್ಕೆ ಮುಂಚೆ ಅನ್ನುವುದನ್ನಂತೂ ಮರೆತುಬಿಡಿ. ನಿಮ್ಮ ಕಡೆ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಬಿಡದ ಮಳೆ. ಒಂದು ಸಲ ನಾನು ಮೇ ಕೊನೆಗೆ 400 ಪ್ರತಿ ತಂದು ಸಕಲೇಶಪುರದ ನೆಂಟರ ಅಟ್ಟದಲ್ಲಿ ಇಟ್ಟಿದ್ದೆ, ಗೌರಿ ಹಬ್ಬಕ್ಕೆ ಹೋಗಿ ಬಿಚ್ಚಿದರೆ ರಕ್ಷಾಪುಟದ ಲ್ಯಾಮಿನೇಷನ್ ಎದ್ದು ಸುರುಳಿಯಾಗಿ, ಒಳಗೆ ಬೂಷ್ಟು ಹಿಡಿದು, ನೂರಕ್ಕೂ ಜಾಸ್ತಿ ಪ್ರತಿ ರದ್ದಿಗೆ ಹೋದವು. ಈ ಮಳೆಗಾಲ ತಿದ್ದುವುದಕ್ಕೆ ಇಟ್ಟುಕೊಳ್ಳಿ. ಕಥೆಗಳು ಪತ್ರಿಕೆಗಳಲ್ಲಿ ಓಡಾಡಿಕೊಂಡು ಬರಲಿ. ಪುಸ್ತಕ ಯಾವ ವರ್ಷ ಬಂದರೂ ದೀಪಾವಳಿ ಆದಮೇಲೆ ಬರಲಿ. ಬಂದಾಗ ಕಟ್ಟುಗಳನ್ನು ನೆಲಕ್ಕೂ ಗೋಡೆಗೂ ತಾಗಿಸಬೇಡಿ, ಕೆಳಗೆ ಹಲಗೆ ಹಾಕಿ, ಮಧ್ಯೆ ಬೇವಿನ ಸೊಪ್ಪು ಒಣಗಿಸಿ ಇಡಿ. ಒಲೆ ಇರುವ ಮನೆಯಾದರೆ ಅಡುಗೆಮನೆ ಪಕ್ಕದ ಕೋಣೆ ಒಳ್ಳೆಯದು, ಬೆಚ್ಚಗಿರುತ್ತದೆ.